ಯಂತ್ರ ಸುಧಾರಿಸಿತು, ಅಡಿಯ ಲೆಕ್ಕ ಸುಧಾರಿಸಲಿಲ್ಲ

ವಿಶ್ವೇಶ್ವರಯ್ಯ ನಾಲೆಯ ನೀರು ಕೊನೆ ಮುಟ್ಟದ ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಬೇಸಗೆ ಬಂತೆಂದರೆ ಬೋರ್ ಲಾರಿಗಳ ಆರ್ಭಟ ಶುರುವಾಗುತ್ತದೆ. ತಮಿಳುನಾಡಿನ ತಿರುಚೆಂಗೋಡಿನ ಕಡೆಯಿಂದ ಬಂದ ಜೋಡಿ ಲಾರಿ ಸಂಜೆ ಹೊಲಕ್ಕೆ ಇಳಿದರೆ, ಬೆಳಗಾಗುವುದರೊಳಗೆ ಐನೂರು ಆರುನೂರು ಅಡಿ ಕೊರೆದು, ಬಿಲ್ಲು ಕೈಗಿತ್ತು, ಮುಂದಿನ ಹೊಲಕ್ಕೆ ಹೊರಟಿರುತ್ತದೆ. ನೀರು ಬಂದರೂ ಬಿಲ್ಲು, ಬರೀ ಧೂಳು ಬಂದರೂ ಅದೇ ಬಿಲ್ಲು. "ನೋಡಿ, ವಿಜ್ಞಾನ ಎಷ್ಟು ಮುಂದುವರಿದಿದೆ! ನಿಮ್ಮ ಅಜ್ಜಂದಿರು ತಿಂಗಳುಗಟ್ಟಲೆ ತೋಡುತ್ತಿದ್ದುದನ್ನು ಒಂದು ರಾತ್ರಿಯಲ್ಲಿ ತೋಡಿಕೊಡುತ್ತದೆ. ರೈತನಿಗೆ ಇನ್ನೇನು ಬೇಕು?" ಎಂದು ಕೇಳುವ ಮಹನೀಯರು ನಮ್ಮ ಪಟ್ಟಣಗಳಲ್ಲಿ ಹೇರಳವಾಗಿದ್ದಾರೆ.

ರೈತನಿಗೆ ಏನು ಬೇಕೆಂಬುದನ್ನು ಆಮೇಲೆ ಹೇಳುತ್ತೇವೆ. ಮೊದಲು ಈ 'ಮುಂದುವರಿದ' ಎಂಬ ಮಾತನ್ನೇ ಒರೆಗೆ ಹಚ್ಚೋಣ. ನಮಗೆ ಯಂತ್ರದ ಮೇಲೆ ದ್ವೇಷವಿಲ್ಲ. ಯಂತ್ರವನ್ನು ಕಂಡರೆ ಮೈಲಿಗೆಯಾಯಿತೆಂದು ಹಾರುವ ಪಂಥ ನಮ್ಮದಲ್ಲ. ಆದರೆ ಕೊರೆಯುವ ಯಂತ್ರ ಸುಧಾರಿಸಿದ ಪ್ರತಿ ಸಲವೂ ಆ ಸುಧಾರಣೆಯ ಫಲ ಯಾರ ಚೀಲಕ್ಕೆ ಬಿತ್ತು, ಅದರ ಧೂಳು ಯಾರ ಗಂಟಲಿಗೆ ಇಳಿಯಿತು ಎಂಬ ಪ್ರಶ್ನೆಯನ್ನು ಕೇಳದೆ ಬಿಡುವವರೂ ನಾವಲ್ಲ.

ಕೊರೆಯುವ ಯಂತ್ರ ನಮ್ಮ ಜಿಲ್ಲೆಗೆ ನಿನ್ನೆ ಮೊನ್ನೆ ಬಂದದ್ದೇನೂ ಅಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿಯೇ ಶ್ರೀರಂಗಪಟ್ಟಣದಲ್ಲಿ ಫಿರಂಗಿಯ ಕೊಳವೆ ಕೊರೆಯಲು ಒಬ್ಬ ಫ್ರೆಂಚ್ ಕುಶಲಿಗ ನೀರಿನ ಬಲದಿಂದ ತಿರುಗುವ ಯಂತ್ರವನ್ನು ಸಿದ್ಧಪಡಿಸಿದ್ದ. ಸುಲ್ತಾನ ನೀರಿನ ಚಕ್ರವನ್ನು ತೆಗೆಸಿ ಎತ್ತುಗಳಿಂದ ಅದನ್ನು ತಿರುಗಿಸಿದನಂತೆ. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇದನ್ನು ಬರೆದು, ಯಂತ್ರದ ಬೆಲೆ ಸುಲ್ತಾನನಿಗೆ ತಿಳಿಯಲಿಲ್ಲವೆಂದು ಮೂಗು ಮುರಿದಿದ್ದಾನೆ. ಬುಕನನ್ ಕಂಪನಿ ಸರ್ಕಾರದ ಸಂಬಳದವನು. ಗೆದ್ದವರ ಲೇಖನಿ ಸೋತವನ ಬುದ್ಧಿಯನ್ನು ಅಳೆದಾಗ ತೂಕದಲ್ಲಿ ಸ್ವಲ್ಪ ಕಡಿತ ಮಾಡಿಕೊಳ್ಳಬೇಕು. ಹೊಳೆ ಇಳಿದಾಗ ನಾಲೆಯ ಚಕ್ರ ನಿಲ್ಲುತ್ತದೆ, ಮೈಸೂರಿನ ಫಿರಂಗಿ ಎಳೆಯುವ ಎತ್ತುಗಳಾದರೋ ಲೋಕಪ್ರಸಿದ್ಧ. ಸುಲ್ತಾನನಿಗೆ ಅವನದೇ ಕಾರಣ ಇದ್ದೀತು. ನಾವು ಗಮನಿಸಬೇಕಾದದ್ದು ಬೇರೆ. ಬುಕನನ್ನನ ಬರಹದಲ್ಲಿ ಸುಲ್ತಾನನಿದ್ದಾನೆ, ಫ್ರೆಂಚ್ ಕುಶಲಿಗನಿದ್ದಾನೆ, ಎತ್ತೂ ಇದೆ. ಎತ್ತಿನ ಹಿಂದೆ ಗಾಣದಂತೆ ಸುತ್ತಿದ ಮನುಷ್ಯ ಮಾತ್ರ ಇಲ್ಲ.

ಅದೇ ಕಾಲದ ಇಂಗ್ಲೆಂಡಿನಲ್ಲಿ ಜಾನ್ ವಿಲ್ಕಿನ್ಸನ್ ಎಂಬಾತ 1774ರಲ್ಲಿ ಫಿರಂಗಿ ಕೊರೆಯುವ ಹೊಸ ವಿಧಾನಕ್ಕೆ ಹಕ್ಕುಪತ್ರ ಪಡೆದ. ಅವನ ಕಾರ್ಖಾನೆಯ ಕೊರೆಯುವ ಯಂತ್ರವೇ ಮುಂದೆ ವಾಟ್‌ನ ಉಗಿಯಂತ್ರಕ್ಕೆ ಸಿಲಿಂಡರ್ ಕೊರೆದುಕೊಟ್ಟಿತು. ಇವೆಲ್ಲ ತಿರುಗಿ ಕೆರೆಯುವ ಯಂತ್ರಗಳು. ಕಬ್ಬಿಣ, ಕಂಚುಗಳನ್ನು ಹೀಗೆ ಕೆರೆದು ಕೊರೆಯಬಹುದು. ನಮ್ಮ ನೆಲದಡಿಯ ಕರಿಕಲ್ಲನ್ನು ಆ ಕಾಲದ ಉಕ್ಕಿನಿಂದ ಕೆರೆದು ಕೊರೆಯುವುದು ಆಗದ ಮಾತು. ಅದನ್ನು ಹೊಡೆದೇ ಪುಡಿ ಮಾಡಬೇಕು. ಕಲ್ಲಿಗೆ ಹೊಡೆಯುವ ಯಂತ್ರದ ಕಥೆ ಎಂದರೆ ಬಹುಪಾಲು ಕ್ಯಾಮಿನ ಕಥೆ.

ಕ್ಯಾಮ್ ಎಂದರೆ ಏನೋ ದೊಡ್ಡ ವಿದ್ಯೆ ಎಂದು ಓದುಗರು ಹೆದರಬೇಕಾಗಿಲ್ಲ. ನಮ್ಮ ತಾಯಂದಿರು ಒನಕೆ ಹಿಡಿದು ಭತ್ತ ಕುಟ್ಟಿದ್ದನ್ನು ನೋಡಿದವರಿಗೆ ಅರ್ಧ ವಿಷಯ ಆಗಲೇ ಗೊತ್ತು. ಒನಕೆಯನ್ನು ಎತ್ತುವುದೇ ಶ್ರಮ. ಬೀಳುವುದು ಅದರಷ್ಟಕ್ಕೆ ಬೀಳುತ್ತದೆ. ತೋಳಿನ ಬದಲು ಒಂದು ತಿರುಗುವ ದಂಡ ಹಾಕಿ, ಆ ದಂಡಕ್ಕೆ ಮೂಗುಳ್ಳ ಒಂದು ಕಬ್ಬಿಣದ ತುಂಡನ್ನು ಕೂರಿಸಿ, ಒನಕೆಯ ಕೊರಳಿಗೆ ಒಂದು ಬಳೆ ತೊಡಿಸಿ. ದಂಡ ತಿರುಗಿದಾಗ ಮೂಗು ಬಳೆಯನ್ನು ಕೆಳಗಿನಿಂದ ಎತ್ತುತ್ತದೆ. ಮೂಗು ದಾಟಿಹೋದೊಡನೆ ಒನಕೆ ಧೊಪ್ಪೆಂದು ಬೀಳುತ್ತದೆ. ಆ ಮೂಗಿನ ತುಂಡೇ ಕ್ಯಾಮ್. ಒನಕೆಯ ತುದಿಗೆ ಉಕ್ಕಿನ ಉಳಿ ಇದ್ದರೆ ಕೊರೆಯುವ ಯಂತ್ರ, ಅಗಲವಾದ ಕಬ್ಬಿಣದ ಗುಂಡು ಇದ್ದರೆ ಅದಿರು ಕುಟ್ಟುವ ಗಿರಣಿ. ಎರಡಕ್ಕೂ ಮೂಲತತ್ವ ಒಂದೇ.

ಇಷ್ಟು ಸರಳವಾದ ವಸ್ತುವನ್ನು ಸರಿಮಾಡಲು ಎಂಜಿನಿಯರುಗಳೂ ಕಮ್ಮಾರರೂ ಎಷ್ಟು ಹೆಣಗಿದರೆಂದರೆ! ಹಳೆಯ ಕ್ಯಾಮ್ ಬಳೆಗೆ ಬಂದು ಬಡಿಯುತ್ತಿತ್ತು. ಒಂದೊಂದು ಬಡಿತಕ್ಕೂ ದಂಡ ನಡುಗಿ, ಸರಳು ಬಿರುಕು ಬಿಡುತ್ತಿತ್ತು. ಆದ್ದರಿಂದ ಮೂಗಿನ ಬಾಗನ್ನು ತಿದ್ದಿದರು. ಒಂದು ಉರುಳೆಗೆ ಸುತ್ತಿದ ದಾರವನ್ನು ಬಿಗಿಹಿಡಿದು ಬಿಚ್ಚುತ್ತ ಹೋದರೆ ಅದರ ತುದಿ ಎಂಥ ಗೆರೆ ಎಳೆಯುತ್ತದೆಯೋ ಆ ಬಾಗನ್ನು ಕ್ಯಾಮಿಗೆ ಕೊಟ್ಟಾಗ ಭಾರ ಒಂದೇ ವೇಗದಲ್ಲಿ ಮೇಲೇರತೊಡಗಿತು. ಒಂದು ಮೂಗಿನ ಬದಲು ಎರಡು ಮೂಗಿಟ್ಟು, ದಂಡದ ಒಂದು ಸುತ್ತಿಗೆ ಎರಡು ಪೆಟ್ಟು ಬರುವಂತೆ ಮಾಡಿದರು. ಇನ್ನೂ ಜಾಣತನದ ಕೆಲಸವೆಂದರೆ, ಚೌಕ ಮರದ ಕಾಂಡ ತೆಗೆದು ದುಂಡು ಕಬ್ಬಿಣದ ಕಾಂಡ ಹಾಕಿ, ಕ್ಯಾಮನ್ನು ಅದರ ಒಂದು ಮಗ್ಗುಲಿಗೆ ಸರಿಸಿ ಇಟ್ಟದ್ದು. ಆಗ ಕ್ಯಾಮ್ ಬಳೆಯನ್ನು ಎತ್ತುವುದರ ಜೊತೆಗೆ ಉಜ್ಜಿ ಸ್ವಲ್ಪ ತಿರುಗಿಸಿಯೂ ಬಿಡುತ್ತದೆ. ಗುಂಡು ಪ್ರತಿ ಸಲ ಬೇರೆ ಮುಖದಲ್ಲಿ ಬಿದ್ದು ಸಮನಾಗಿ ಸವೆಯುತ್ತದೆ. ಭಾವಿ ಕೊರೆಯುವವರು ಈ ಗುಟ್ಟನ್ನು ಕೈಯಿಂದಲೇ ಬಲ್ಲವರಾಗಿದ್ದರು. ಉಳಿಯನ್ನು ಎತ್ತಿದಾಗಲೆಲ್ಲ ಕೊಂಚ ತಿರುವದಿದ್ದರೆ ತೂತು ದುಂಡಗಾಗುವುದಿಲ್ಲ.

ಆದರೆ ಕ್ಯಾಮಿಗೆ ಒಂದು ಗಡಿ ಇತ್ತು. ಭಾರ ಬೀಳುವುದು ಭೂಮಿಯ ಸೆಳೆತದಿಂದ. ಎರಡು ಅಡಿ ಮೇಲಿಂದ ಬೀಳಲು ಮೂರನೆಯ ಒಂದು ಭಾಗ ಸೆಕೆಂಡಿಗೂ ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತದೆ. ದಂಡವನ್ನು ಅದಕ್ಕಿಂತ ಅವಸರವಾಗಿ ತಿರುಗಿಸಿದಿರೋ, ಬೀಳುತ್ತಿರುವ ಭಾರ ನೆಲ ಮುಟ್ಟುವ ಮೊದಲೇ ಮೇಲೇರಿ ಬರುವ ಮೂಗಿಗೆ ಅಪ್ಪಳಿಸಿ ಎರಡೂ ಮುರಿಯುತ್ತವೆ. ಮಾಲೀಕ ಎಷ್ಟೇ ಗದರಿಸಲಿ, ಭೂಮಿ ಅವನ ಆಳಲ್ಲ! ಅದಿರು ಕುಟ್ಟುವ ಗಿರಣಿ ನಿಮಿಷಕ್ಕೆ ನೂರು ಪೆಟ್ಟಿನ ಆಸುಪಾಸಿನಲ್ಲಿಯೇ ನಿಂತಿತು. ಭಾವಿ ಕೊರೆಯುವ ಉದ್ದನೆಯ ಸರಳು ಅದರ ಅರ್ಧಕ್ಕೇ ತೃಪ್ತಿಪಡಬೇಕಾಯಿತು. ಗಟ್ಟಿ ಕಲ್ಲು ಸಿಕ್ಕರೆ ದಿನಕ್ಕೆ ಕೆಲವೇ ಅಡಿ. ಈ ಗಡಿಯನ್ನು ಮುರಿದದ್ದು ಒತ್ತಿ ತುಂಬಿದ ಗಾಳಿ. ಫ್ರಾನ್ಸಿಗೂ ಇಟಲಿಗೂ ನಡುವೆ ಆಲ್ಪ್ಸ್ ಪರ್ವತದಡಿ ಸುರಂಗ ತೋಡುವಾಗ 1861ರಿಂದ ಗಾಳಿಯ ಬಲದಲ್ಲಿ ಉಳಿಯನ್ನು ಮುಂದಕ್ಕೆ ತಳ್ಳಿ ಹೊಡೆಯುವ ಯಂತ್ರಗಳನ್ನು ಬಳಸಿದರು. ಗಾಳಿ ಬೀಳುವವರೆಗೆ ಕಾಯುವುದಿಲ್ಲ, ನೂಕುತ್ತದೆ. 1871ರಲ್ಲಿ ಆ ಸುರಂಗದಲ್ಲಿ ರೈಲು ಓಡಿತು.

ಇಲ್ಲಿಂದ ಕಥೆ ಮಳವಳ್ಳಿ ತಾಲ್ಲೂಕಿಗೆ ಬರುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿ ಸೇರಿತು. ನಮ್ಮ ಕಾವೇರಿ ಧುಮುಕಿದ್ದು ಇಲ್ಲಿ; ಅದರ ಬಲದಿಂದ ಗಾಳಿ ಒತ್ತುವ ಯಂತ್ರ, ಅದಿರು ಕುಟ್ಟುವ ಗಿರಣಿ ನಡೆದದ್ದು ಅಲ್ಲಿ; ಚಿನ್ನ ಹೋಗಿ ಸೇರಿದ್ದು ಲಂಡನ್ನಿನ ಜಾನ್ ಟೇಲರ್ ಕಂಪನಿಯವರು ನಡೆಸುತ್ತಿದ್ದ ಗಣಿಗಳ ಪಾಲುದಾರರಿಗೆ. ಬೆಂಗಳೂರಿಗೆ 1905ರಲ್ಲಿ ದೀಪ ಬಂತು. ಜಲಪಾತದ ಸದ್ದು ಕೇಳುವ ಹಳ್ಳಿಗಳ ಗುಡಿಸಲಿಗೆ ಎಷ್ಟು ವರ್ಷದ ಮೇಲೆ ದೀಪ ಬಂತೆಂಬುದನ್ನು ಅಲ್ಲಿನ ಹಿರಿಯರ ಬಾಯಿಂದಲೇ ಕೇಳಬೇಕು. ಗಣಿಗಳನ್ನು 1956ರಲ್ಲಿ ರಾಷ್ಟ್ರೀಕರಣ ಮಾಡಿದರು, 2001ರಲ್ಲಿ ಮುಚ್ಚಿದರು. ಕಲ್ಲಿನ ಧೂಳು ಎದೆಯಲ್ಲಿ ಕುಳಿತು ಉಸಿರು ಕಟ್ಟಿಸುವ ಸಿಲಿಕೋಸಿಸ್ ರೋಗ ಮಾತ್ರ ಗಣಿ ಕಾರ್ಮಿಕರ ಜೊತೆಗೇ ಮನೆಗೆ ಹೋಯಿತು.

ಧೂಳಿನ ವಿಷಯದಲ್ಲಿ ಅಮೆರಿಕದ ಒಂದು ಪ್ರಸಂಗವನ್ನು ನಮ್ಮ ಓದುಗರು ತಿಳಿದಿರಬೇಕು. ಡೆನ್ವರ್ ಪಟ್ಟಣದ ಲೇನರ್ ಎಂಬ ಯಂತ್ರಕುಶಲಿ 1897ರ ಸುಮಾರಿಗೆ ಗಾಳಿಯ ಸುತ್ತಿಗೆಯ ಹೊಸ ಯಂತ್ರ ಮಾಡಿದ. ಟೊಳ್ಳು ಸರಳಿನೊಳಗಿಂದ ಗಾಳಿ ಊದಿ ಪುಡಿಯನ್ನು ಹೊರತಳ್ಳುವ ಏರ್ಪಾಡು ಅದರಲ್ಲಿತ್ತು. ಅಡಿಯ ಲೆಕ್ಕದಲ್ಲಿ ಅದು ಅಮೋಘ ಯಂತ್ರ. ಆದರೆ ಧೂಳು ತಡೆಯಲಾರದೆ ಗಣಿ ಕೂಲಿಗಳು ಅದನ್ನು ಹಿಡಿಯಲು ಒಪ್ಪಲಿಲ್ಲ. ಇಂಥ ಒಣ ಯಂತ್ರಗಳಿಗೆ ಅವರು ಇಟ್ಟ ಹೆಸರೇ 'ವಿಧವೆಯರನ್ನು ಮಾಡುವ ಯಂತ್ರ'. ಆಮೇಲೆ ತಾನೇ ಆ ಸರಳಿನೊಳಗೆ ಗಾಳಿಯ ಜೊತೆಗೆ ನೀರು ಹರಿದದ್ದು! ಯಂತ್ರ ನಿಜವಾಗಿ ಸುಧಾರಿಸಿದ್ದು ಅದನ್ನು ಕಂಡುಹಿಡಿದವನ ಮೇಜಿನ ಮೇಲಲ್ಲ, ಕೂಲಿಗಳು ಕೈ ಹಿಂತೆಗೆದಾಗ. ವಿಜ್ಞಾನದ ಪ್ರಗತಿ ಎಂದು ಭಾಷಣ ಬಿಗಿಯುವವರು ಈ ಪುಟವನ್ನು ಮಾತ್ರ ಮಗುಚಿ ಮುಂದೆ ಹೋಗುತ್ತಾರೆ.

ಈಗ ನಮ್ಮ ಹೊಲಕ್ಕೆ ಬರೋಣ. 1966–67ರ ಬಿಹಾರದ ಬರಗಾಲದ ಹೊತ್ತಿನಲ್ಲಿ ಯುನಿಸೆಫ್ ಸಂಸ್ಥೆ ಗಾಳಿಯ ಸುತ್ತಿಗೆಯ ಬೋರ್ ಯಂತ್ರಗಳನ್ನು ಭಾರತಕ್ಕೆ ತರಿಸಿತು. ಗಟ್ಟಿ ಕಲ್ಲಿನ ಸೀಮೆಯ ಹಳ್ಳಿಗಳಿಗೆ ಕುಡಿಯುವ ನೀರು ಕೊಡುವುದು ಅದರ ಉದ್ದೇಶ. ಈ ಜಾತಿಯ ಯಂತ್ರದಲ್ಲಿ ಸುತ್ತಿಗೆ ಮೇಲೆ ನಿಲ್ಲುವುದಿಲ್ಲ, ಕೊರೆಯುವ ಬಿಟ್ಟಿನ ಬೆನ್ನಿಗೇ ಅಂಟಿಕೊಂಡು ತೂತಿನ ತಳಕ್ಕೆ ಇಳಿಯುತ್ತದೆ. ನಿಮಿಷಕ್ಕೆ ಸಾವಿರಕ್ಕೂ ಮಿಕ್ಕಿ ಪೆಟ್ಟು. ಹಳೆಯ ಕ್ಯಾಮಿನ ಅರುವತ್ತು ಎಲ್ಲಿ, ಇದೆಲ್ಲಿ! ಸಾರ್ವಜನಿಕ ಹಿತಕ್ಕೆಂದು ಬಂದ ಈ ಯಂತ್ರ ಕೆಲವೇ ದಶಕಗಳಲ್ಲಿ ಖಾಸಗಿ ಲಾರಿಗಳ ಬೆನ್ನೇರಿತು. ಸರ್ಕಾರದ ಇಲಾಖೆಗಳಿಗೂ ಒಂದು ಕಾಲಕ್ಕೆ ಸ್ವಂತ ಯಂತ್ರಗಳಿದ್ದವು. ಇಂದು ರೈತ ಬೋರ್ ಹಾಕಿಸಬೇಕೆಂದರೆ ನೆನೆಯುವುದು ಇಲಾಖೆಯನ್ನಲ್ಲ, ಏಜೆಂಟನ ಫೋನ್ ನಂಬರನ್ನು.

ಈ ಏಜೆಂಟನ ಲೆಕ್ಕ ಅಡಿಯ ಲೆಕ್ಕ. ಮುನ್ನೂರು ಅಡಿಯವರೆಗೆ ಒಂದು ದರ, ಅಲ್ಲಿಂದ ಪ್ರತಿ ನೂರಡಿಗೆ ದರ ಏರುತ್ತದೆ. ಕೇಸಿಂಗ್ ಪೈಪು ಬೇರೆ. ದರಗಳು ವರ್ಷದಿಂದ ವರ್ಷಕ್ಕೆ, ಲಾರಿಯಿಂದ ಲಾರಿಗೆ ಬದಲಾಗುವುದರಿಂದ ನಾವು ಲೆಕ್ಕಕ್ಕಾಗಿ ಒಂದು ದರ ಇಟ್ಟುಕೊಳ್ಳೋಣ. ಮೊದಲ ಮುನ್ನೂರು ಅಡಿಗೆ ಅಡಿಗೆ 100 ರೂಪಾಯಿ, ಆಮೇಲೆ ಪ್ರತಿ ನೂರಡಿಗೆ ಹತ್ತು ಹತ್ತು ರೂಪಾಯಿ ಏರಿಕೆ. ಆರುನೂರು ಅಡಿಗೆ 66,000 ರೂಪಾಯಿ ಆಯಿತು. ನೀರಿಲ್ಲ. "ಇನ್ನು ಸ್ವಲ್ಪ ಇಳಿಸಿ ನೋಡೋಣ ಗೌಡ್ರೇ, ಇಷ್ಟು ಹಾಕಿದ್ದೀರಿ, ಇಲ್ಲಿಗೆ ಬಿಟ್ಟರೆ ಹಾಕಿದ್ದೂ ಹೋಯಿತಲ್ಲ" ಎಂಬ ಮಾತು ಬರುತ್ತದೆ. ಸಾವಿರ ಅಡಿಗೆ ಬಂದಾಗ ಕೊನೆಯ ನಾನೂರು ಅಡಿಗೇ 62,000 ರೂಪಾಯಿ! ಒಟ್ಟು 1,28,000. ಮೋಟಾರು, ಪೈಪು, ಕೇಬಲ್ಲು ಇದರಲ್ಲಿ ಸೇರಿಲ್ಲ. ಅವು ಬೇಕಾಗುವುದಾದರೂ ನೀರು ಬಂದರೆ ತಾನೇ?

ನೀರು ಏಕೆ ಬರುವುದಿಲ್ಲ? ನಮ್ಮ ಸೀಮೆಯ ನೆಲದಡಿ ಇರುವುದು ಬಹುಮಟ್ಟಿಗೆ ಕರಿಕಲ್ಲು ಜಾತಿಯ ಗಟ್ಟಿ ಬಂಡೆ. ಮರಳಿನಂತೆ ಅದು ನೀರು ಕುಡಿದು ಇಟ್ಟುಕೊಳ್ಳುವುದಿಲ್ಲ. ಮೇಲಿನ ಜರಡು ಪದರದಲ್ಲಿ, ಅದರ ಕೆಳಗಿನ ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರು. ಆಳಕ್ಕೆ ಹೋದಂತೆ ಮೇಲಿನ ಭಾರಕ್ಕೆ ಬಿರುಕುಗಳು ಬಿಗಿದು, ವಿರಳವಾಗುತ್ತವೆ. ಒಮ್ಮೊಮ್ಮೆ ಆಳದಲ್ಲಿಯೂ ಒಳ್ಳೆಯ ಬಿರುಕು ಸಿಕ್ಕೀತು, ಇಲ್ಲವೆನ್ನುವುದಿಲ್ಲ. ಆ ಒಂದು ಸಿಕ್ಕಿದ ಸುದ್ದಿ ಮಾತ್ರ ಹತ್ತು ಊರು ಸುತ್ತುತ್ತದೆ. ಒಟ್ಟಿನಲ್ಲಿ ನೋಡಿದರೆ ಅಡಿ ಹೆಚ್ಚಿದಂತೆ ನೀರಿನ ಆಸೆ ಇಳಿಯುತ್ತದೆ, ದರ ಏರುತ್ತದೆ. ಆಳಕ್ಕೆ ಡೀಸೆಲ್ ಹೆಚ್ಚು ಸುಡುತ್ತದೆಂಬುದು ನಿಜ. ಆದರೆ ಸೋಲಿನ ಪೂರ್ತಿ ಭಾರ ರೈತನ ತಲೆಗೆ ಏಕೆ? ಯಂತ್ರ ಸಾವಿರ ಅಡಿ ಹೋಗಬಲ್ಲುದು ಎಂಬುದೇ ಸಾವಿರ ಅಡಿ ಮಾರುವುದಕ್ಕೆ ಕಾರಣವಾಗಿದೆ. ಹಳೆಯ ಕ್ಯಾಮ್ ಯಂತ್ರ ಸಾವಿರ ಅಡಿ ಕನಸು ಕಾಣುತ್ತಿರಲಿಲ್ಲ. ಅದರ ನಿಧಾನವೇ ರೈತನಿಗೆ ಯೋಚಿಸಲು ಹೊತ್ತು ಕೊಡುತ್ತಿತ್ತು. ಒಂದು ರಾತ್ರಿಯಲ್ಲಿ ಮುಗಿಯುವ ಕೆಲಸದಲ್ಲಿ ಸಾಲದ ಬಡ್ಡಿಯನ್ನು ಲೆಕ್ಕ ಹಾಕುವವರಾರು?

"ರೈತ ತಾನೇ ಕರೆಸಿದ್ದು, ಯಾರೂ ಬಲವಂತ ಮಾಡಿಲ್ಲ" ಎನ್ನುವವರಿಗೆ ನಮ್ಮ ಉತ್ತರ: ಕನ್ನಂಬಾಡಿ ಕಟ್ಟೆ ಕಟ್ಟಿ, ಹುಲಿಕೆರೆಯ ಬಂಡೆಯಲ್ಲಿ ಸುರಂಗ ತೋಡಿ ನಾಲೆ ತಂದದ್ದು ಮಂಡ್ಯದ ಸೀಮೆಗೆ ನೀರು ಕೊಡಲು. ಆ ಸುರಂಗವೂ ಕಲ್ಲು ಕೊರೆದೇ ಆದದ್ದು. ಆದರೆ ಅದರ ಅಡಿಯ ಬಿಲ್ಲನ್ನು ಒಬ್ಬೊಬ್ಬ ರೈತನ ಮನೆಗೆ ಕಳಿಸಲಿಲ್ಲ, ರಾಜ್ಯ ಹೊತ್ತಿತು. ನಾಲೆಯ ತುದಿಯ ರೈತನಿಗೆ ಸರದಿಯ ನೀರು ಸರಿಯಾಗಿ ಮುಟ್ಟಿದ್ದರೆ ಅವನು ಬೋರ್ ಲಾರಿಯ ಹಿಂದೆ ಹೋಗುತ್ತಿದ್ದನೇ? ಕಬ್ಬಿನ ಬಾಕಿ, ಬೆಲೆಯ ಕುಸಿತ, ಸಾಲ ಸೇರಿ 2015ರಲ್ಲಿ ಈ ಜಿಲ್ಲೆಯ ರೈತರ ಆತ್ಮಹತ್ಯೆಗಳು ನಾಡಿಗೇ ಸುದ್ದಿಯಾದಾಗ ಮಂತ್ರಿಗಳು ಸರದಿಯಲ್ಲಿ ಬಂದು ಕಣ್ಣೀರು ಒರೆಸಿದರು. ಸಾಲದ ಪಟ್ಟಿಯಲ್ಲಿ ಸೋತ ಬೋರ್‌ವೆಲ್ಲು ಎಷ್ಟನೆಯ ಸಾಲಿನಲ್ಲಿತ್ತೆಂದು ಕೇಳಿದವರು ಎಷ್ಟು ಮಂದಿ?

ಲಾರಿಯ ಮಾಲೀಕನೊಬ್ಬನನ್ನೇ ರಾಕ್ಷಸನೆಂದು ತೋರಿಸಿ ಕೈ ತೊಳೆದುಕೊಳ್ಳುವುದೂ ನಮಗೆ ಒಪ್ಪಿಗೆಯಲ್ಲ. ಅನೇಕರು ಸಾಲ ತಂದು ಲಾರಿ ಕೊಂಡವರು. ಕಂತು ಕಟ್ಟಲು ಗಾಲಿ ನಿಲ್ಲಬಾರದು, ಆದ್ದರಿಂದ ಅಡಿ ನಿಲ್ಲಬಾರದು. ಒಬ್ಬ ಸಾಲಗಾರ ಇನ್ನೊಬ್ಬ ಸಾಲಗಾರನ ಹೊಲ ಕೊರೆಯುತ್ತಾನೆ, ಬಡ್ಡಿ ಎಣಿಸುವವನು ಇಬ್ಬರ ಮೇಲೂ ಕುಳಿತಿದ್ದಾನೆ. ಇನ್ನು ಲಾರಿಯ ಮೇಲಿನ ಹುಡುಗರನ್ನು ನೋಡಿ. ಛತ್ತೀಸಗಢ, ಒಡಿಶಾದ ಕಡೆಗಳಿಂದ ಬಂದವರು; ಮೂಗಿಗೆ ಕಟ್ಟಿದ ಟವಲ್ಲೇ ಅವರ ರಕ್ಷಣೆ. ತೂತಿನಿಂದ ಬಿಳಿ ಧೂಳು ಮುಗಿಲೆತ್ತರ ಏಳುತ್ತಿರುವಾಗ ಅದರ ನಡುವೆ ನಿಂತು ರಾಡು ಬದಲಿಸುತ್ತಾರೆ. ಗಾಳಿಯ ಜೊತೆ ನೀರು ಸಿಂಪಡಿಸಿ ಧೂಳು ಕೂರಿಸುವ ಏರ್ಪಾಡು ಇಂದಿನ ಯಂತ್ರಕ್ಕೆ ಅಸಾಧ್ಯವಲ್ಲ, ಲೇನರ್ ಅದನ್ನು ನೂರಿಪ್ಪತ್ತು ವರ್ಷದ ಹಿಂದೆಯೇ ಮಾಡಿ ತೋರಿಸಿದ್ದಾನೆ. ಆದರೂ ಒಣ ಧೂಳು ಹಾರುತ್ತಲೇ ಇದೆ. ಏಕೆಂದರೆ ಧೂಳು ಬಿಲ್ಲಿನಲ್ಲಿ ಬರುವುದಿಲ್ಲ. ಊರು ಬಿಟ್ಟು ಬಂದ ಆ ಹುಡುಗರಿಗೆ ಕೈ ಹಿಂತೆಗೆಯುವ ಬಲವನ್ನು ಕೊಡುವ ಸಂಘವೂ ಇಲ್ಲ.

2011ರ ಅಂತರ್ಜಲ ಕಾಯಿದೆ ಬೋರ್ ಯಂತ್ರ ನೋಂದಾಯಿಸಬೇಕೆನ್ನುತ್ತದೆ. ಒಳ್ಳೆಯದು. ಆದರೆ ಯಂತ್ರಕ್ಕೆ ನಂಬರು ಕೊಟ್ಟ ಮಾತ್ರಕ್ಕೆ ರೈತನ ಸಾಲ ಇಳಿಯುವುದಿಲ್ಲ. ನಾವು ಒತ್ತಾಯಿಸುವುದು ಇಷ್ಟು. ತಾಲ್ಲೂಕಿಗೆ ಒಂದೆರಡಾದರೂ ಕೊರೆಯುವ ಯಂತ್ರಗಳು ರೈತರ ಸಹಕಾರ ಸಂಘದ ಒಡೆತನದಲ್ಲಿರಬೇಕು. ಹಾಲಿಗೆ ಸಹಕಾರ ಸಂಘ ನಡೆಸಬಲ್ಲ ಮದ್ದೂರು, ಮಳವಳ್ಳಿಯ ರೈತರು ಇದನ್ನೂ ನಡೆಸಬಲ್ಲರು. ಬಿಲ್ಲು ಬರೀ ಅಡಿಯ ಮೇಲೆ ಆಗಬಾರದು. ದುಡಿಮೆಗೂ ಡೀಸೆಲ್ಲಿಗೂ ತಕ್ಕ ಒಂದು ಪಾಲು ಖಾತರಿಯಾಗಿ, ಉಳಿದದ್ದು ನೀರು ಸಿಕ್ಕರೆ ಮಾತ್ರ ಎಂದಾಗಬೇಕು. ಸೋತ ಬೋರಿನ ನಷ್ಟಕ್ಕೆ ಸಂಘದ ನಿಧಿ ಇರಲಿ. ಜಾಗ ನೋಡಲು ತೆಂಗಿನಕಾಯಿ ಹಿಡಿದು ನಡೆಯುವವರ ಬದಲು ಭೂವಿಜ್ಞಾನಿಯನ್ನು ಹೊಲಕ್ಕೆ ಕಳಿಸಿ, ಎಷ್ಟು ಆಳದ ಮೇಲೆ ಹೋಗುವುದು ವ್ಯರ್ಥವೆಂದು ಬರೆದುಕೊಡಿಸಬೇಕು. ಲಾರಿಯ ಕೂಲಿಗಳಿಗೆ ನೀರಿನ ಸಿಂಪಡಿಕೆ ಕಡ್ಡಾಯವಾಗಬೇಕು, ವರ್ಷಕ್ಕೊಮ್ಮೆ ಎದೆಯ ಪರೀಕ್ಷೆ ಆಗಬೇಕು. ಸೋತ ತೂತುಗಳ ಬಾಯಿ ಮುಚ್ಚಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿಯೇ ಹೇಳಿದೆ. ಅದನ್ನು ಕೊರೆದವನ ಬಿಲ್ಲಿನಲ್ಲಿಯೇ ಸೇರಿಸಬೇಕು. ಎಲ್ಲಕ್ಕೂ ಮೊದಲು ನಾಲೆಯ ತುದಿಗೆ ನೀರು ಬರಬೇಕು.

ಇವೆಲ್ಲ ನಾಳೆ ಬೆಳಗ್ಗೆ ಆಗುವುದಿಲ್ಲ, ಹೋರಾಡಿಯೇ ಪಡೆಯಬೇಕು. ಅಲ್ಲಿಯವರೆಗೆ ಲಾರಿ ಹೊಲಕ್ಕೆ ಬಂದರೆ ರೈತ ಬಾಂಧವರು ಇಷ್ಟನ್ನಾದರೂ ಮಾಡಬೇಕು. ಯಂತ್ರ ಚಾಲೂ ಆಗುವ ಮೊದಲೇ ನೂರು ನೂರಡಿಯ ದರ, ಕೇಸಿಂಗಿನ ದರ ಎರಡನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಎಷ್ಟು ಅಡಿಗೆ ನಿಲ್ಲಿಸಬೇಕೆಂದು ಹಗಲಲ್ಲೇ ಮನೆಯವರೊಡನೆ ಕೂತು ತೀರ್ಮಾನಿಸಿ, ಅದನ್ನೂ ಅದೇ ಚೀಟಿಯಲ್ಲಿ ಹಾಕಿ. ಒಂದು ರಾಡಿನ ಉದ್ದವನ್ನು ನೀವೇ ಟೇಪು ಹಿಡಿದು ಅಳೆಯಿರಿ. ರಾತ್ರಿ ಒಬ್ಬರು ನಿದ್ದೆಗೆಟ್ಟು ಕೂತು, ಇಳಿದ ಒಂದೊಂದು ರಾಡಿಗೂ ಒಂದೊಂದು ಗೆರೆ ಎಳೆಯಿರಿ.